ಬಿಸಿಲಿನಿಂದ ಬಣ್ಣದ ನೀರಿನ ಶುದ್ಧಿ: ಜಮೀನುದಾರರು ತಿಳಿದಿರತಕ್ಕ ಸಂಗತಿಗಳು

ನೂಲಿಗೂ ಬಟ್ಟೆಗೂ ಬಣ್ಣ ಹಾಕುವ ಕಾರ್ಖಾನೆಗಳ ಸಮೀಪದಲ್ಲಿ ಜಮೀನುಳ್ಳವರಿಗೆ ಆ ಕಾರ್ಖಾನೆಗಳಿಂದ ಹೊರಬೀಳುವ ನೀರಿನ ಉಪದ್ರವವು ಹೊಸದಲ್ಲ. ಹಳ್ಳದ ನೀರು ಒಂದು ದಿನ ಕೆಂಪಾಗಿಯೂ ಮರುದಿನ ನೀಲಿಯಾಗಿಯೂ ಹರಿಯುವುದನ್ನು ಕಂಡವರು ಅನೇಕರುಂಟು. ಇಂತಹ ನೀರನ್ನು ಬರಿಯ ಬಿಸಿಲಿನ ಸಹಾಯದಿಂದ ತಿಳಿಯಾಗಿ ಮಾಡಬಹುದೆಂದು ವಿಜ್ಞಾನಿಗಳು ಕಂಡುಕೊಂಡಿರುವರು. ಒಂದು ಬಗೆಯ ಬಿಳಿಯ ಪುಡಿಯನ್ನು ಗಾಜಿನ ಮೇಲೋ ಹೆಂಚಿನ ಮೇಲೋ ಕಾಂಕ್ರೀಟಿನ ಮೇಲೋ ತೆಳುವಾಗಿ ಲೇಪಿಸಿ, ಆ ಲೇಪದ ಮೇಲೆ ಬಣ್ಣದ ನೀರನ್ನು ಬಿಸಿಲಿನಲ್ಲಿ ಹರಿಯಬಿಟ್ಟರೆ ಬಣ್ಣವು ಕ್ರಮೇಣ ಮಾಯವಾಗುವುದು. ಲೇಪವು ಇದರಲ್ಲಿ ಖರ್ಚಾಗದು. ಬಿಸಿಲಿಗೆ ಬೆಲೆಯಿಲ್ಲ. ಆದುದರಿಂದ ಈ ವಿಧಾನವು ಕೇಳುವವರ ಮನಸ್ಸನ್ನು ಸುಲಭವಾಗಿ ಸೆಳೆಯುವಂತಹುದು.

ಇಂತಹ ಲೇಪದ ತೊಟ್ಟಿಯನ್ನು ಕಟ್ಟಿ, ಅದರಿಂದ ಬರುವ ತಿಳಿನೀರನ್ನು ನಿಮ್ಮ ಕೆರೆಗೋ ಕಾಲುವೆಗೋ ಬಿಡುವೆವೆಂದು ಯಾರಾದರೂ ಗ್ರಾಮದ ಮುಖಂಡರ ಬಳಿಗೆ ಬಂದಲ್ಲಿ ಅವರಿಗೆ ಏನುತ್ತರ ಹೇಳತಕ್ಕದ್ದು? ಈ ಲೇಖನವನ್ನು ಬರೆದಿರುವುದು ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ಲೇಪವು ಬಣ್ಣವನ್ನು ತೆಗೆಯುವುದು ನಿಜ. ಅದು ಉಪ್ಪನ್ನು ತೆಗೆಯದು. ಹೊಲವನ್ನು ಕೆಡಿಸುವುದರಲ್ಲಿ ಬಣ್ಣಕ್ಕಿಂತ ಉಪ್ಪಿನ ಪಾಲೇ ಹೆಚ್ಚು. ಕಣ್ಣಿಗೆ ಕಾಣುವ ಬಣ್ಣ ಹೋದುದರಿಂದ ಕಣ್ಣಿಗೆ ಕಾಣದ ಉಪ್ಪೂ ಹೋಯಿತೆಂದು ಭಾವಿಸಿ ಒಪ್ಪಿಗೆ ಕೊಟ್ಟವರು ಕೆಲವೇ ಬೆಳೆಗಳಲ್ಲಿ ತಮ್ಮ ಅಚ್ಚುಕಟ್ಟನ್ನು ಚೌಳು ಮಾಡಿಕೊಳ್ಳುವ ಸಂಭವವುಂಟು.

ಲೇಪದ ಸ್ವಭಾವ

ಮನೆಯ ಕಿಟಕಿಗೋ ಬಾಗಿಲಿಗೋ ಬಳಿದ ಅಗ್ಗದ ಬಿಳಿಯ ಬಣ್ಣವು ಕೆಲವು ವರ್ಷ ಬಿಸಿಲಿಗೆ ಬಿದ್ದ ತರುವಾಯ ಕೈಯಿಂದ ಸವರಿದರೆ ಸೀಮೆಸುಣ್ಣದಂತೆ ಪುಡಿಯಾಗಿ ಅಂಟುವುದನ್ನು ಎಲ್ಲರೂ ನೋಡಿರಬಹುದು. ಆ ಬಣ್ಣದಲ್ಲಿರುವ ಬಿಳುಪು ಟೈಟೇನಿಯಂ ಡೈ ಆಕ್ಸೈಡ್ ಎಂಬ ವಸ್ತುವಿನದು. ಬಿಸಿಲು ಬಿದ್ದಾಗ ಈ ವಸ್ತುವು ತನ್ನ ಸುತ್ತಲೂ ಇರುವ ಎಣ್ಣೆಯನ್ನೂ ಅಂಟನ್ನೂ ಸುಡದೆಯೇ ಸುಟ್ಟಂತೆ ಮುರಿದುಹಾಕುವುದು. ಅಂಟು ಹೋದ ಮೇಲೆ ಬಿಳಿಯ ಪುಡಿಯು ಸಡಿಲವಾಗಿ ಉದುರುವುದು. ಬಣ್ಣ ತಯಾರಿಸುವವರಿಗೆ ಇದೊಂದು ದೋಷ. ಆ ದೋಷವನ್ನು ತಡೆಯಲು ಅವರು ಪುಡಿಯ ಕಣಗಳಿಗೆ ಮರಳಿನ ಅಥವಾ ಅಲ್ಯುಮಿನದ ಜಾತಿಯ ತೆಳುವಾದ ಸಿಪ್ಪೆಯನ್ನು ಹೊದಿಸುವರು. ನೀರನ್ನು ಶುದ್ಧಿಮಾಡಬೇಕೆನ್ನುವವರು ಆ ದೋಷವನ್ನೇ ಗುಣವನ್ನಾಗಿ ಬಳಸಿಕೊಂಡಿರುವರು. ಆದಕಾರಣ ಅಂಗಡಿಯ ಬಿಳಿಯ ಬಣ್ಣವನ್ನು ತಂದು ತೊಟ್ಟಿಗೆ ಬಳಿದರೆ ಈ ಕೆಲಸ ನಡೆಯದೆಂಬುದನ್ನು ಇಲ್ಲಿಯೇ ಹೇಳಿಡುವುದು ಒಳ್ಳೆಯದು.

ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಅಕಿರ ಫುಜಿಷಿಮ ಮತ್ತು ಕೆನಿಚಿ ಹೊಂಡ ಎಂಬ ಇಬ್ಬರು ವಿದ್ವಾಂಸರು ಟೈಟೇನಿಯಂ ಡೈ ಆಕ್ಸೈಡಿನ ಮೇಲೆ ಬೆಳಕು ಬಿಟ್ಟು ನೀರನ್ನು ಜಲಜನಕ ಆಮ್ಲಜನಕಗಳಾಗಿ ಒಡೆಯಬಹುದೆಂದು 1972ರಲ್ಲಿ ಪ್ರಕಟಿಸಿದರು. 1977ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಫ್ರಾಂಕ್ ಮತ್ತು ಬಾರ್ಡ್ ಎಂಬುವರು ಇದೇ ಪುಡಿಯಿಂದ ನೀರಿನಲ್ಲಿ ಕರಗಿದ ಸಯನೈಡ್ ವಿಷವನ್ನು ಮುರಿಯಬಹುದೆಂದು ತೋರಿಸಿದರು. ಅಂದಿನಿಂದ ಈಚೆಗೆ ಬಣ್ಣದ ನೀರಿನ ಮೇಲೆ ನಡೆದಿರುವ ಪರೀಕ್ಷೆಗಳಿಗೆ ಲೆಕ್ಕವಿಲ್ಲ. ಈ ವಸ್ತುವು ನಮಗೆ ದೂರದ್ದೂ ಅಲ್ಲ. ಕೇರಳದ ಚವರ ಕರಾವಳಿಯ ಕಪ್ಪುಮರಳಿನಲ್ಲಿ ಇದರ ಅದಿರು ಹೇರಳವಾಗಿ ದೊರೆಯುವುದು. ತಿರುವನಂತಪುರದಲ್ಲಿ 1946ರಲ್ಲಿ ಇದಕ್ಕಾಗಿಯೇ ಒಂದು ಕಂಪೆನಿಯು ಸ್ಥಾಪಿತವಾಯಿತು.

ಇದು ಕೆಲಸಮಾಡುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ: ಸೂರ್ಯನ ಕಿರಣಗಳಲ್ಲಿ ನಮ್ಮ ಕಣ್ಣಿಗೆ ಕಾಣದ ನೇರಳಾತೀತವೆಂಬ ಒಂದು ಭಾಗವಿದೆ. ಅದು ಲೇಪದ ಮೇಲೆ ಬಿದ್ದಾಗ ಲೇಪದೊಳಗಣ ಎಲೆಕ್ಟ್ರಾನ್ ಎಂಬ ವಿದ್ಯುತ್ಕಣವು ತನ್ನ ಸ್ಥಾನವನ್ನು ಬಿಟ್ಟು ಮೇಲಕ್ಕೆ ಜಿಗಿಯುವುದು. ಬರಿದಾದ ಸ್ಥಾನವು ನೀರಿನಿಂದ ಕಣವೊಂದನ್ನು ಕಿತ್ತುಕೊಳ್ಳುವುದು. ಹಾಗೆ ಕಿತ್ತುಕೊಂಡಾಗ ನೀರಿನ ಅಣುವು ಹೈಡ್ರಾಕ್ಸಿಲ್ ಎಂಬ ಅತ್ಯಂತ ಉಗ್ರವಾದ ತುಂಡಾಗಿ ಪರಿಣಮಿಸುವುದು. ಈ ತುಂಡು ಕ್ಷಣಮಾತ್ರ ಬದುಕುವುದಾದರೂ ಅಷ್ಟರಲ್ಲಿಯೇ ಎದುರಿಗೆ ಸಿಕ್ಕಿದ ಬಣ್ಣದ ಅಣುವನ್ನು ಮುರಿಯುವುದು. ಮೇಲಕ್ಕೆ ಜಿಗಿದ ಎಲೆಕ್ಟ್ರಾನನ್ನು ನೀರಿನಲ್ಲಿ ಕರಗಿರುವ ಆಮ್ಲಜನಕವು ಸ್ವೀಕರಿಸುವುದು. ಲೇಪವು ಮೊದಲಿನಂತೆಯೇ ಉಳಿಯುವುದು. ತಾನು ವ್ಯಯವಾಗದೆ ಇತರ ವಸ್ತುಗಳ ಮಾರ್ಪಾಡನ್ನು ತ್ವರೆಗೊಳಿಸುವ ಇಂತಹ ಪದಾರ್ಥಕ್ಕೆ ವೇಗವರ್ಧಕವೆಂದು ಹೆಸರು.

ಮೇಲಿನ ವಿವರಣೆಯಿಂದಲೇ ಈ ವಿಧಾನದ ಕಷ್ಟಗಳೂ ಗೊತ್ತಾಗುವುವು. ಬಿಸಿಲಿನಲ್ಲಿ ನೇರಳಾತೀತದ ಪಾಲು ನೂರಕ್ಕೆ ನಾಲ್ಕೈದು ಮಾತ್ರ. ಮಿಕ್ಕ ಬೆಳಕು ಈ ಲೇಪಕ್ಕೆ ಉಪಯೋಗವಿಲ್ಲ. ಆ ಅಲ್ಪ ಪಾಲೂ ಲೇಪವನ್ನು ತಲಪಬೇಕಾದರೆ ನೀರು ತೆಳುವಾಗಿರಬೇಕು. ಕಡುಗೆಂಪು ನೀರು ಮೊಣಕಾಲುದ್ದ ನಿಂತಿದ್ದರೆ ಬೆಳಕು ಮೇಲುಗಡೆಯೇ ಇಂಗಿಹೋಗಿ ತಳದ ಲೇಪವು ಕತ್ತಲೆಯಲ್ಲಿ ಸುಮ್ಮನಿರುವುದು. ಗಾಢವಾದ ಬಣ್ಣದ ನೀರಿಗೆ ಇದು ಸಲ್ಲದು; ಬೇರೆ ಉಪಾಯಗಳಿಂದ ಮುಕ್ಕಾಲು ಪಾಲು ಶುದ್ಧಿಯಾದ ನೀರಿನಲ್ಲಿ ಉಳಿದ ಕಡೆಯ ಛಾಯೆಯನ್ನು ತೆಗೆಯುವುದಕ್ಕೆ ಇದು ಸಲ್ಲುವುದು. ಗಾಳಿಯ ಆಮ್ಲಜನಕವೂ ನೀರಿಗೆ ಸೇರುತ್ತಿರಬೇಕಾದುದರಿಂದ ನೀರನ್ನು ನಿಲ್ಲಿಸದೆ ಇಳಿಜಾರಾದ ಹಲಗೆಗಳ ಮೇಲೆ ಜಿನುಗಿಸುವುದು ಮೇಲು.

ಪುಡಿಯನ್ನೇ ನೇರವಾಗಿ ನೀರಿಗೆ ಕಲಸಿದರೆ ಕೆಲಸ ಬೇಗ ಆಗುವುದೆಂಬುದು ನಿಜ. ಆದರೆ ಕಣಗಳು ಅತಿ ಸೂಕ್ಷ್ಮವಾದುವು. ಕೂದಲಿನ ದಪ್ಪಕ್ಕಿಂತ ಸಾವಿರಪಟ್ಟಿಗೂ ಮೇಲಾಗಿ ಸಣ್ಣವು. ಅವನ್ನು ಮರಳಿ ಸೋಸಿ ತೆಗೆಯುವುದು ಬಣ್ಣ ತೆಗೆಯುವುದಕ್ಕಿಂತ ಕಷ್ಟ. ಲೇಪದ ಯೋಚನೆ ಬಂದುದು ಇದಕ್ಕಾಗಿಯೇ. ಲೇಪವು ಹಿಡಿದು ನಿಲ್ಲಬೇಕಾದರೆ ಗಾಜನ್ನೋ ಹೆಂಚನ್ನೋ ಸಾಮಾನ್ಯವಾಗಿ ನಾನೂರು ಐನೂರು ಡಿಗ್ರಿಯವರೆಗೆ ಕಾಯಿಸಬೇಕಾಗುವುದು. ಅದು ಊರಿನ ಗಾರೆಯವನು ಮಾಡಬಹುದಾದ ಕೆಲಸವಲ್ಲ. ಹಾಗೆ ಮಾಡಿದ ಮೇಲೆಯೂ ಧೂಳು, ಪಾಚಿ, ಗಡಸುನೀರಿನ ಸುಣ್ಣದ ಪದರ ಇವು ಲೇಪವನ್ನು ಮುಚ್ಚದಂತೆ ಆಗಾಗ್ಗೆ ತೊಳೆಯುತ್ತಿರಬೇಕು.

ಇನ್ನೊಂದು ಸೂಕ್ಷ್ಮವುಂಟು. ಹತ್ತಿಬಟ್ಟೆಗೆ ಈಗ ಹೆಚ್ಚಾಗಿ ಹಾಕುವ ಬಣ್ಣಗಳು ನೂಲಿನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಜಾತಿಯವು. ಇವು ನೀರಿನಲ್ಲಿ ಋಣವಿದ್ಯುತ್ತನ್ನು ಹೊತ್ತಿರುವುವು. ಇವನ್ನು ನೂಲಿಗೆ ಹಿಡಿಸಲು ಸೋಡಾ ಹಾಕುವುದರಿಂದ ತೊಟ್ಟಿಯಿಂದ ಹೊರಬೀಳುವ ನೀರು ಬಹಳ ಕ್ಷಾರವಾಗಿರುವುದು. ಕ್ಷಾರದಲ್ಲಿ ಲೇಪದ ಮೈಯೂ ಋಣವಿದ್ಯುತ್ತನ್ನೇ ಪಡೆಯುವುದು. ಒಂದೇ ಬಗೆಯ ವಿದ್ಯುತ್ತುಳ್ಳವು ಒಂದನ್ನೊಂದು ದೂರ ತಳ್ಳುವುದರಿಂದ ಬಣ್ಣವು ಲೇಪದ ಹತ್ತಿರಕ್ಕೇ ಬಾರದು. ಮೊದಲು ಆಮ್ಲ ಹಾಕಿ ಕ್ಷಾರವನ್ನು ಮುರಿಯಬೇಕು. ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು.

ಒಂದು ದಿನದ ನೀರಿನ ಲೆಕ್ಕ

ಲೆಕ್ಕದಿಂದ ತಿಳಿದ ಮಾತು ಮನಸ್ಸಿನಲ್ಲಿ ನಿಲ್ಲುವುದು. ಆದುದರಿಂದ ದಿನಕ್ಕೆ ಒಂದು ಸಾವಿರ ಕಿಲೋ ಹತ್ತಿಬಟ್ಟೆಗೆ ಬಣ್ಣ ಹಾಕುವ ಒಂದು ಸಾಧಾರಣ ಕಾರ್ಖಾನೆಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಬಣ್ಣದ ತೊಟ್ಟಿ, ತೊಳೆಯುವ ತೊಟ್ಟಿ ಎಲ್ಲವೂ ಸೇರಿ ಕಿಲೋ ಒಂದಕ್ಕೆ ನೂರು ಲೀಟರಿನಂತೆ ನೀರು ಬೇಕೆಂದು ಹಿಡಿದರೆ ದಿನಕ್ಕೆ ಒಂದು ಲಕ್ಷ ಲೀಟರಾಗುವುದು. ಈ ನೀರನ್ನು ಒಂದು ಸೆಂಟಿಮೀಟರು ಆಳಕ್ಕೆ ಹರಡಬೇಕಾದರೆ ಹತ್ತು ಸಾವಿರ ಚದರ ಮೀಟರು, ಅಂದರೆ ಹೆಚ್ಚುಕಡಮೆ ಎರಡೂವರೆ ಎಕರೆ ಜಾಗ ಬೇಕು. ಆಳವನ್ನು ಹೆಚ್ಚಿಸಿದರೆ ಬೆಳಕು ತಳಕ್ಕೆ ಹೋಗದು. ನೀರನ್ನು ತಿರುತಿರುಗಿ ಪಂಪಿನಿಂದ ಮೇಲಕ್ಕೆತ್ತಿ ಹರಿಸಿದರೆ ಜಾಗ ಕಡಮೆಯಾಗುವುದು, ವಿದ್ಯುಚ್ಛಕ್ತಿಯ ಖರ್ಚು ಹೆಚ್ಚುವುದು. ಕಾರ್ಖಾನೆಯು ಹಗಲಿರುಳೂ ನಡೆಯುವುದು, ಸೂರ್ಯನು ಹಗಲು ಮಾತ್ರ ಇರುವನು. ಮಳೆಗಾಲದ ಮೋಡದ ದಿನಗಳು ಬೇರೆ. ಆ ಅವಧಿಯ ನೀರನ್ನು ಕೂಡಿಡುವುದಕ್ಕೆ ಎಷ್ಟು ದೊಡ್ಡ ಹೊಂಡವಿದೆಯೆಂಬುದನ್ನು ಮುಖಂಡರು ಮೊದಲು ಕೇಳತಕ್ಕದ್ದು. ಹೊಂಡ ಸಣ್ಣದಾದರೆ ಮಳೆಯ ರಾತ್ರಿಯಲ್ಲಿ ಆ ನೀರು ಎಲ್ಲಿಗೆ ಹೋಗುವುದೆಂಬುದನ್ನು ನಾವು ಹೇಳಬೇಕಾಗಿಲ್ಲ.

ಈಗ ಉಪ್ಪಿನ ವಿಚಾರ. ಮೇಲೆ ಹೇಳಿದ ಬಣ್ಣಗಳು ತಾವಾಗಿ ಹತ್ತಿಯ ಕಡೆಗೆ ಹೋಗುವಂತಹುವಲ್ಲ. ಅವನ್ನು ನೂಲಿನ ಕಡೆಗೆ ನೂಕುವುದಕ್ಕಾಗಿ ತೊಟ್ಟಿಗೆ ಅಡಿಗೆ ಉಪ್ಪನ್ನೋ ಗ್ಲಾಬರನ ಉಪ್ಪೆಂಬ ಸೋಡಿಯಂ ಸಲ್ಫೇಟನ್ನೋ ಲೀಟರಿಗೆ ನಲವತ್ತರಿಂದ ನೂರು ಗ್ರಾಮಿನವರೆಗೆ ಹಾಕುವರು. ಕಿಲೋ ಬಟ್ಟೆಗೆ ಹತ್ತು ಲೀಟರು ತೊಟ್ಟಿಯ ನೀರು, ಲೀಟರಿಗೆ ಅರವತ್ತು ಗ್ರಾಂ ಉಪ್ಪು ಎಂದು ಮಧ್ಯಮವಾಗಿ ಹಿಡಿದರೂ ಸಾವಿರ ಕಿಲೋ ಬಟ್ಟೆಗೆ ಆರುನೂರು ಕಿಲೋ ಉಪ್ಪಾಯಿತು. ಬಣ್ಣದಲ್ಲಿ ನೂರಕ್ಕೆ ಅರವತ್ತರಿಂದ ತೊಂಬತ್ತು ಪಾಲು ಬಟ್ಟೆಗೆ ಹಿಡಿದು ಮಿಕ್ಕುದು ಮಾತ್ರ ನೀರಿನೊಡನೆ ಹೋಗುವುದು. ಉಪ್ಪಾದರೋ ಬಟ್ಟೆಗೆ ಹಿಡಿಯುವುದೇ ಇಲ್ಲ. ಹಾಕಿದುದೆಲ್ಲವೂ ಹೊರಕ್ಕೆ ಬರುವುದು. ಹೀಗಾಗಿ ಒಂದು ಲಕ್ಷ ಲೀಟರಿನಲ್ಲಿ ಆರುನೂರು ಕಿಲೋ, ಅಂದರೆ ಲೀಟರಿಗೆ ಆರು ಸಾವಿರ ಮಿಲಿಗ್ರಾಂ.

ಒಂದು ಎಕರೆ ಜಮೀನಿಗೆ ಒಂದಂಗುಲ ನೀರು ನಿಲ್ಲಿಸಲು ಬೇಕಾಗುವುದು ಸುಮಾರು ಒಂದು ಲಕ್ಷದ ಮೂರು ಸಾವಿರ ಲೀಟರು. ಕಾರ್ಖಾನೆಯ ಒಂದು ದಿನದ ನೀರೆಂದರೆ ಹತ್ತಿರ ಹತ್ತಿರ ಒಂದೆಕರೆಗೆ ಒಂದಂಗುಲವೆಂದಾಯಿತು. ಆ ಒಂದಂಗುಲ ನೀರಿನೊಡನೆ ಆರುನೂರು ಕಿಲೋ ಉಪ್ಪು ಆ ಎಕರೆಗೆ ಬಂದು ಬೀಳುವುದು. ನಡುವೆ ಬಿಸಿಲಿನ ಲೇಪವನ್ನಿಟ್ಟು ನೀರನ್ನು ಗಾಜಿನಂತೆ ತಿಳಿಮಾಡಿದರೂ ಆರುನೂರು ಕಿಲೋವಿನಲ್ಲಿ ಒಂದು ಕಿಲೋ ಕೂಡ ಕಡಮೆಯಾಗದು. ಉಪ್ಪು ಮುರಿಯತಕ್ಕ ಅಣುವಲ್ಲ. ಹೈಡ್ರಾಕ್ಸಿಲ್ ತುಂಡಿಗೆ ಅದರಲ್ಲಿ ಮುರಿಯುವುದಕ್ಕೆ ಏನೂ ಇಲ್ಲ. ಅಷ್ಟೇ ಅಲ್ಲದೆ ಅಡಿಗೆ ಉಪ್ಪಿನ ಕ್ಲೋರೈಡೂ ಸೋಡದ ಕಾರ್ಬೊನೇಟೂ ಆ ಉಗ್ರವಾದ ತುಂಡುಗಳನ್ನು ನಡುದಾರಿಯಲ್ಲಿ ನುಂಗಿಕೊಂಡು ಬಣ್ಣ ತೆಗೆಯುವ ಕೆಲಸವನ್ನೂ ನಿಧಾನಗೊಳಿಸುವುವು. ಪ್ರಯೋಗಶಾಲೆಯಲ್ಲಿ ಬಟ್ಟಿಯಿಳಿಸಿದ ನೀರಿಗೆ ಸ್ವಲ್ಪ ಬಣ್ಣ ಹಾಕಿ ಒಂದು ಗಂಟೆಯಲ್ಲಿ ತಿಳಿಮಾಡಿದ ಲೇಪವು ಕಾರ್ಖಾನೆಯ ನಿಜವಾದ ನೀರಿನ ಮುಂದೆ ಮಂಕಾಗುವುದಕ್ಕೆ ಇದೊಂದು ಮುಖ್ಯ ಕಾರಣ.

ನೊಯ್ಯಲ್ ಹೊಳೆಯ ವೃತ್ತಾಂತ

ಬಣ್ಣ ತೆಗೆದು ಉಪ್ಪನ್ನು ಉಳಿಸಿದರೆ ಏನಾಗುವುದೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ನಿದರ್ಶನವಿದೆ. ತಮಿಳುನಾಡಿನ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟುವ ನೊಯ್ಯಲ್ ಎಂಬ ಹೊಳೆಯು ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದು ಕಾವೇರಿಯನ್ನು ಸೇರುವುದು. ತಿರುಪ್ಪೂರಿನಲ್ಲಿ ಬನಿಯನ್ ಬಟ್ಟೆಯ ಉದ್ಯಮವು ಬೆಳೆದಂತೆ ಅದರೊಡನೆ ನೂರಾರು ಬಣ್ಣದ ಕಾರ್ಖಾನೆಗಳೂ ಚಲುವೆಯ ಕಾರ್ಖಾನೆಗಳೂ ಹುಟ್ಟಿಕೊಂಡುವು. ಅವುಗಳ ನೀರು ಹೊಳೆಗೆ ಬಿದ್ದಿತು. ಅದೇ ಹೊಳೆಗೆ ಕೆಳಗಡೆ ಒರತ್ತುಪಾಳೆಯಂ ಎಂಬಲ್ಲಿ ವ್ಯವಸಾಯಕ್ಕೋಸ್ಕರ ಒಂದು ಅಣೆಕಟ್ಟನ್ನು ಕಟ್ಟಿದ್ದು 1992ರಲ್ಲಿ ಮುಗಿಯಿತು. ಹೊಲಗಳಿಗೆಂದು ಕಟ್ಟಿದ ಜಲಾಶಯವು ಕೆಲವೇ ವರ್ಷಗಳಲ್ಲಿ ಕಾರ್ಖಾನೆಗಳ ನೀರನ್ನು ಕೂಡಿಡುವ ಹೊಂಡವಾಗಿ ಪರಿಣಮಿಸಿತು. ಸುತ್ತಲಿನ ಬಾವಿಗಳೂ ಉಪ್ಪಾದುವು.

ಅಲ್ಲಿಯ ಕಾರ್ಖಾನೆಗಳವರು ಏನನ್ನೂ ಮಾಡಲಿಲ್ಲವೆಂದು ಹೇಳುವುದು ಸರಿಯಲ್ಲ. ಹಲವು ಕಾರ್ಖಾನೆಗಳು ಸೇರಿ ಸಾಮೂಹಿಕ ಶುದ್ಧೀಕರಣದ ಸ್ಥಾವರಗಳನ್ನು ಕಟ್ಟಿದುವು. ಅವುಗಳಲ್ಲಿ ಸುಣ್ಣವನ್ನೂ ಕಬ್ಬಿಣದ ಲವಣಗಳನ್ನೂ ಹಾಕಿ ಬಣ್ಣವನ್ನು ಗಸಿಯಾಗಿ ಇಳಿಸುತ್ತಿದ್ದರು. ನೀರಿನ ಬಣ್ಣ ಬಹಳ ಮಟ್ಟಿಗೆ ಹೋಯಿತು. ಉಪ್ಪು ಮಾತ್ರ ಇದ್ದಂತೆಯೇ ಹೊಳೆಗೆ ಹೋಗುತ್ತಿದ್ದಿತು. ಬಿಸಿಲಿನ ಲೇಪವನ್ನು ಅಲ್ಲಿ ಬಳಸಿರಲಿಲ್ಲವೆಂಬುದು ನಿಜ. ಆದರೆ ಬಣ್ಣವನ್ನು ಸುಣ್ಣದಿಂದ ತೆಗೆದರೂ ಬಿಸಿಲಿನಿಂದ ತೆಗೆದರೂ ಕೆಳಗಿನ ಹೊಲದ ಮಟ್ಟಿಗೆ ಫಲವೊಂದೇ ಎಂಬುದನ್ನು ಗಮನಿಸಬೇಕು.

ನಷ್ಟ ಹೊಂದಿದ ರೈತರಿಗೆ ಪರಿಹಾರವನ್ನು ಗೊತ್ತುಮಾಡಲು ಏರ್ಪಟ್ಟಿದ್ದ ಪ್ರಾಧಿಕಾರವು 2004ರಲ್ಲಿ 68 ಗ್ರಾಮಗಳ 28 ಸಾವಿರಕ್ಕೆ ಮೇಲ್ಪಟ್ಟ ರೈತರಿಗೆ ಒಟ್ಟು ಸುಮಾರು 25 ಕೋಟಿ ರೂಪಾಯಿ ಸಲ್ಲಬೇಕೆಂದು ತೀರ್ಮಾನಿಸಿತು. ತಲೆಗೆ ಸರಾಸರಿ ಒಂಬತ್ತು ಸಾವಿರ ರೂಪಾಯಿಯನ್ನು ಮುಟ್ಟದ ಈ ಮೊತ್ತವು ಚೌಳಾದ ಜಮೀನಿಗೆ ಎಷ್ಟರ ಸಮಾಧಾನವೆಂಬುದನ್ನು ಓದುಗರೇ ಊಹಿಸಬಹುದು. ನೊಯ್ಯಲ್ ಅಚ್ಚುಕಟ್ಟುದಾರರ ಸಂಘದವರು ಮದರಾಸು ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಕಾರ್ಖಾನೆಗಳು ಒಂದು ಹನಿ ನೀರನ್ನೂ ಹೊಳೆಗೆ ಬಿಡಕೂಡದೆಂಬ ಏರ್ಪಾಟನ್ನು ನ್ಯಾಯಾಲಯವು 2006ರಲ್ಲಿ ವಿಧಿಸಿತು. ಕಾರ್ಖಾನೆಯವರ ಮೇಲ್ಮನವಿಯನ್ನು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಪುರಸ್ಕರಿಸಲಿಲ್ಲ. ಆಜ್ಞೆಯು ಪೂರ್ಣವಾಗಿ ಜಾರಿಗೆ ಬಾರದಿದ್ದುದರಿಂದ 2011ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಅಲ್ಲಿಯ ಬಣ್ಣದ ಕಾರ್ಖಾನೆಗಳನ್ನೆಲ್ಲ ಮುಚ್ಚಿಸಿತು. ತರುವಾಯ ಪುನಃ ತೆರೆದವರು ನೀರನ್ನು ಸೂಕ್ಷ್ಮವಾದ ಪೊರೆಗಳ ಮೂಲಕ ಒತ್ತಡದಿಂದ ಹಾಯಿಸಿ ಸಿಹಿನೀರನ್ನು ಬೇರ್ಪಡಿಸುವ, ಉಳಿದ ಉಪ್ಪುನೀರನ್ನು ಬೇಯಿಸಿ ಇಂಗಿಸುವ ಅಥವಾ ಮತ್ತೆ ಬಣ್ಣದ ತೊಟ್ಟಿಗೇ ಉಪಯೋಗಿಸುವ ಕ್ರಮಗಳನ್ನು ಕೈಕೊಳ್ಳಬೇಕಾಯಿತು. ಇದರ ಖರ್ಚು ಬಹಳ. ಆ ಖರ್ಚಿನ ಭಯವೇ ಅಗ್ಗದ ಉಪಾಯಗಳ ಕಡೆಗೆ ಜನರ ಮನಸ್ಸು ಹರಿಯುವುದಕ್ಕೆ ಕಾರಣವೆಂದು ನಾವು ತಿಳಿದಿರುವೆವು.

ನೆಲಕ್ಕೆ ಆಗುವ ಕೇಡು

ಸಂಯುಕ್ತ ರಾಷ್ಟ್ರಸಂಸ್ಥೆಯ ಆಹಾರ ಮತ್ತು ಕೃಷಿ ಸಂಘದವರು ನೀರಾವರಿಯ ನೀರಿಗೆ ಒಂದು ಅಳತೆಯನ್ನು ಕೊಟ್ಟಿರುವರು. ಲೀಟರಿಗೆ 450 ಮಿಲಿಗ್ರಾಮಿಗಿಂತ ಕಡಮೆ ಲವಣವಿರುವ ನೀರಿಗೆ ಯಾವ ನಿರ್ಬಂಧವೂ ಬೇಡ. 450ರಿಂದ 2,000ದವರೆಗೆ ಎಚ್ಚರಿಕೆಯಿಂದ ಬಳಸಬೇಕು. 2,000ಕ್ಕೆ ಮೇಲ್ಪಟ್ಟರೆ ತೀವ್ರವಾದ ನಿರ್ಬಂಧವಿರಬೇಕು. ತಿರುಪ್ಪೂರಿನ ಕಾರ್ಖಾನೆಗಳು ಪಾಲಿಸತಕ್ಕದ್ದೆಂದು ತಮಿಳುನಾಡಿನ ಮಾಲಿನ್ಯ ನಿಯಂತ್ರಣ ಮಂಡಲಿಯವರು ಗೊತ್ತುಮಾಡಿದ್ದ ಮಿತಿಯು ಲೀಟರಿಗೆ 2,100 ಮಿಲಿಗ್ರಾಂ. ಹೊರಕ್ಕೆ ಬಿಡುವುದಕ್ಕೆ ಸಮ್ಮತವಾದ ಮಿತಿ ಬೇರೆ, ಹೊಲಕ್ಕೆ ಹಿತವಾದ ಮಿತಿ ಬೇರೆ ಎಂಬುದು ಇದರಿಂದ ಸ್ಪಷ್ಟವಾಗುವುದು. ಆ 2,100ರ ನೀರನ್ನೇ ಒಂದು ಬೆಳೆಗೆ ಇಪ್ಪತ್ತುನಾಲ್ಕು ಅಂಗುಲ ಹಾಯಿಸಿದರೆ ಎಕರೆಗೆ ಐದು ಟನ್ನಿಗೆ ಮೇಲ್ಪಟ್ಟು ಉಪ್ಪು ಬೀಳುವುದು. ಕಾರ್ಖಾನೆಯವರು ತಮ್ಮ ನೀರು ಸರ್ಕಾರದ ಮಿತಿಯೊಳಗಿದೆಯೆಂದು ಕಾಗದ ತೋರಿಸಿದಾಗ ಮುಖಂಡರು ಈ ಲೆಕ್ಕವನ್ನು ಸ್ಮರಿಸತಕ್ಕದ್ದು.

ಉಪ್ಪಿನಲ್ಲಿ ಹೆಚ್ಚು ಕೇಡು ಮಾಡುವುದು ಸೋಡಿಯಂ. ಎರೆಭೂಮಿಯ ಜೇಡಿಯ ಕಣಗಳನ್ನು ಒಂದುಗೂಡಿಸಿ ನೆಲವನ್ನು ಹುಡಿಯಾಗಿ ಇರಿಸುವುದು ಅವಕ್ಕೆ ಅಂಟಿಕೊಂಡಿರುವ ಸುಣ್ಣದ ಅಂಶ. ಸೋಡಿಯಂ ಹೇರಳವಾಗಿ ಬಂದಾಗ ಸುಣ್ಣವನ್ನು ಹೊರದೂಡಿ ತಾನು ಆ ಸ್ಥಾನದಲ್ಲಿ ಕೂರುವುದು. ಆಗ ಕಣಗಳು ಚದುರಿ ನೆಲದ ರಂಧ್ರಗಳು ಮುಚ್ಚಿಹೋಗುವುವು. ಮಳೆ ಬಂದರೆ ಕೆಸರು, ಬಿಸಿಲು ಬಂದರೆ ಕಲ್ಲು. ನೀರು ಇಂಗದು, ಬೇರಿಗೆ ಗಾಳಿ ಸಿಕ್ಕದು. ಹುರುಳಿಕಾಯಿಯಂತಹ ತರಕಾರಿಗಳು ಮೊದಲು ಬಾಡುವುವು. ಬತ್ತವು ಸ್ವಲ್ಪ ತಾಳುವುದು. ಹತ್ತಿಯು ಎಲ್ಲಕ್ಕೂ ಹೆಚ್ಚಾಗಿ ತಾಳುವುದು. ಹತ್ತಿಯು ಚೆನ್ನಾಗಿ ಬಂದಿತೆಂಬ ಧೈರ್ಯದಿಂದ ಆ ನೀರು ಒಳ್ಳೆಯದೆಂದು ನಿರ್ಣಯಿಸಕೂಡದು. ಒಮ್ಮೆ ಹೀಗಾದ ಭೂಮಿಯನ್ನು ಸರಿಮಾಡಬೇಕಾದರೆ ಜಿಪ್ಸಂ ಹಾಕಿ, ಬಸಿಗಾಲುವೆ ತೆಗೆದು, ಸಿಹಿನೀರಿನಿಂದ ಹಲವು ಸಲ ತೊಳೆಯಬೇಕು. ಬಣ್ಣದ ನೀರಲ್ಲದೆ ಬೇರೆ ನೀರಿಲ್ಲದ ಕಡೆಯಲ್ಲಿ ತೊಳೆಯುವ ಸಿಹಿನೀರನ್ನು ಎಲ್ಲಿಂದ ತರುವುದು?

ಬಣ್ಣ ಹೋದ ಮಾತ್ರಕ್ಕೆ ಬಣ್ಣದ ವಸ್ತುವೂ ಹೋಯಿತೆಂಬ ಭರವಸೆಯೂ ಇಲ್ಲ. ಈಗಿನ ಬಣ್ಣಗಳಲ್ಲಿ ಬಹುಪಾಲು ಆಜೋ ಎಂಬ ಜಾತಿಗೆ ಸೇರಿದುವು. ಇವುಗಳ ಅಣುವಿನ ನಡುವೆ ಎರಡು ಸಾರಜನಕಗಳ ಒಂದು ಕೊಂಡಿಯಿರುವುದು. ಕಣ್ಣಿಗೆ ಬಣ್ಣವಾಗಿ ತೋರುವುದಕ್ಕೆ ಈ ಕೊಂಡಿಯೇ ಮೂಲ. ಲೇಪವು ಮೊದಲು ಮುರಿಯುವುದು ಇದನ್ನೇ. ಆಗ ನೀರು ತಿಳಿಯಾಗುವುದು, ಆದರೆ ಅಣುವಿನ ತುಂಡುಗಳು ಇನ್ನೂ ನೀರಿನಲ್ಲಿರುವುವು. ಈ ತುಂಡುಗಳಲ್ಲಿ ಕೆಲವು ಮೂಲ ಬಣ್ಣಕ್ಕಿಂತ ಹೆಚ್ಚು ವಿಷವಾಗಿರಬಹುದು. ಅವೂ ಮುರಿದು ಇಂಗಾಲಾಮ್ಲವೂ ನೀರೂ ಆಗಬೇಕಾದರೆ ಬಣ್ಣ ಹೋಗಲು ಹಿಡಿದುದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಪಚ್ಚೆನೀಲಿಯಂತಹ ಕೆಲವು ಬಣ್ಣಗಳಲ್ಲಿ ತಾಮ್ರವಿರುವುದು. ಬಣ್ಣ ಮುರಿದಾಗ ಆ ತಾಮ್ರವು ನೀರಿಗೆ ಬಿಡುಗಡೆಯಾಗುವುದೇ ಹೊರತು ಇಲ್ಲವಾಗದು.

ಲೇಪವನ್ನು ಮಾರಲು ಬರುವವರು ಮೆಥಿಲೀನ್ ಬ್ಲೂ ಎಂಬ ನೀಲಿಯ ನೀರನ್ನು ಗಾಜಿನ ಲೋಟದಲ್ಲಿ ಬಿಸಿಲಿಗಿಟ್ಟು ತಿಳಿಮಾಡಿ ತೋರಿಸುವುದುಂಟು. ಈ ಬಣ್ಣವು ಮುರಿಯದೆಯೇ ತಾತ್ಕಾಲಿಕವಾಗಿ ಬಿಳಿಚಿಕೊಳ್ಳಬಲ್ಲುದು. ತಿಳಿಯಾದ ನೀರನ್ನು ಅರ್ಧ ಸೀಸೆಗೆ ತುಂಬಿ, ಬಿರಡೆ ಹಾಕಿ, ಗಾಳಿಯೊಡನೆ ಚೆನ್ನಾಗಿ ಕುಲುಕಿ ನೋಡಬೇಕು. ನೀಲಿಯು ಮರಳಿ ಬಂದರೆ ಬಣ್ಣ ಎಲ್ಲಿಯೂ ಹೋಗಿರಲಿಲ್ಲವೆಂದು ಅರ್ಥ. ಮರಳಿ ಬಾರದಿದ್ದರೂ ಅದು ನಿಮ್ಮ ಹಳ್ಳದ ನೀರಿನ ಪರೀಕ್ಷೆಯಾಗದು. ಕಾರ್ಖಾನೆಯ ಹೊರಗಾಲುವೆಯ ನೀರನ್ನೇ ತಂದು ತೋರಿಸಬೇಕೆಂದು ಕೇಳಬೇಕು.

ಈ ವಿಧಾನವು ಎಲ್ಲಿ ಸಲ್ಲುವುದು

ಹೀಗೆಂದು ಇದನ್ನು ಸಂಪೂರ್ಣವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ರೇಷ್ಮೆಗೆ ಹಾಕುವ ಬಣ್ಣಗಳ ಸ್ವಭಾವ ಬೇರೆ. ಅವನ್ನು ಆಮ್ಲದ ನೀರಿನಲ್ಲಿ ಹಿಡಿಸುವುದರಿಂದ ಹತ್ತಿಗೆ ಬೇಕಾಗುವಷ್ಟು ಉಪ್ಪು ಬೇಕಾಗದು. ಆಮ್ಲದಲ್ಲಿ ಲೇಪದ ಮೈಯು ಧನವಿದ್ಯುತ್ತನ್ನು ಪಡೆಯುವುದರಿಂದ ಋಣವಿದ್ಯುತ್ತುಳ್ಳ ಬಣ್ಣವನ್ನು ತಾನಾಗಿ ಹತ್ತಿರಕ್ಕೆ ಎಳೆದುಕೊಳ್ಳುವುದು. ಮೊಳಕಾಲ್ಮೂರಿನಂತಹ ರೇಷ್ಮೆ ನೇಯ್ಗೆಯ ಊರುಗಳಲ್ಲಿಯೂ, ಇಳಕಲ್ಲು ಗುಳೇದಗುಡ್ಡಗಳಂತಹ ಕಡೆಗಳಲ್ಲಿ ರೇಷ್ಮೆಯ ನೂಲಿಗೆ ಬಣ್ಣ ಹಾಕುವ ಮನೆಗಳಲ್ಲಿಯೂ ದಿನದ ನೀರು ಸ್ವಲ್ಪ, ಬಿಸಿಲು ಬೇಕಾದಷ್ಟು. ಕಡೆಯ ತೊಳೆತದ ತಿಳಿಬಣ್ಣದ ನೀರನ್ನು ಮಾತ್ರ ಬೇರೆಯಾಗಿ ಹಿಡಿದು ಇಂತಹ ಹಲಗೆಯ ಮೇಲೆ ಹರಿಸಿ ಪುನಃ ತೊಳೆಯುವುದಕ್ಕೇ ಬಳಸಿದರೆ ಪ್ರಯೋಜನವುಂಟೆಂದು ನಮಗೆ ತೋರುವುದು. ಕಾರ್ಖಾನೆಯ ಒಳಗಡೆ ಉಪ್ಪುನೀರನ್ನು ಮತ್ತೆ ಬಣ್ಣದ ತೊಟ್ಟಿಗೆ ಬಳಸುವಲ್ಲಿಯೂ ಇದಕ್ಕೆ ಸ್ಥಾನವಿರಬಹುದು. ಅಲ್ಲಿ ಬಣ್ಣ ಹೋಗಬೇಕು, ಉಪ್ಪು ಇರಬೇಕು. ಉಪ್ಪಿನಿಂದ ಕೆಲಸ ನಿಧಾನವಾಗುವ ತೊಂದರೆ ಅಲ್ಲಿಯೂ ಇದ್ದೇ ಇರುವುದು.

ಸ್ಪೇನ್ ದೇಶದ ಆಲ್ಮೇರಿಯ ಪ್ರಾಂತವು ಬಿಸಿಲಿಗೂ ತರಕಾರಿ ವ್ಯವಸಾಯಕ್ಕೂ ಹೆಸರಾದುದು. ಬಿಸಿಲಿನಿಂದ ನೀರಿನ ಶುದ್ಧಿಯನ್ನು ಬಹುಕಾಲದಿಂದ ಪರೀಕ್ಷಿಸುತ್ತಿರುವ ಸಂಶೋಧನಾ ಕೇಂದ್ರವೂ ಅಲ್ಲಿದೆ. ಕ್ರಿಮಿನಾಶಕದ ಬರಿಯ ಡಬ್ಬಗಳನ್ನು ತೊಳೆದ ನೀರನ್ನು ಅಲ್ಲಿ ಬಿಸಿಲಿನಿಂದ ಶುದ್ಧಿಮಾಡುವ ಸ್ಥಾವರವೊಂದನ್ನು ಕಟ್ಟಿದರು. ಅದರಲ್ಲಿ ಬಿಳಿಯ ಲೇಪಕ್ಕೆ ಬದಲಾಗಿ ಕಬ್ಬಿಣದ ಲವಣವನ್ನೂ ಹೈಡ್ರೋಜನ್ ಪೆರಾಕ್ಸೈಡನ್ನೂ ನೀರಿಗೆ ಕಲಸಿ ಬಿಸಿಲಿನ ಕೊಳವೆಗಳಲ್ಲಿ ಹರಿಸುವ ಕ್ರಮವನ್ನು ಆರಿಸಿಕೊಂಡರು. ನೀರು ಸ್ವಲ್ಪವಾಗಿ, ವಿಷ ಹೆಚ್ಚಾಗಿ, ಉಪ್ಪು ಕಡಮೆಯಾಗಿರುವ ಇಂತಹ ಸಂದರ್ಭಗಳೇ ಬಿಸಿಲಿಗೆ ತಕ್ಕವು.

ಒಪ್ಪಿಗೆ ಕೊಡುವುದಕ್ಕೆ ಮುಂಚೆ

1974ರ ಜಲ ಅಧಿನಿಯಮದ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಲಿಯ ಸಮ್ಮತಿಯಿಲ್ಲದೆ ಯಾವ ಕಾರ್ಖಾನೆಯೂ ತನ್ನ ನೀರನ್ನು ಹಳ್ಳಕ್ಕಾಗಲಿ ಕೆರೆಗಾಗಲಿ ನೆಲಕ್ಕಾಗಲಿ ಬಿಡುವಂತಿಲ್ಲ. ಆ ಸಮ್ಮತಿಪತ್ರದ ಪ್ರತಿಯನ್ನು ಕೇಳಿ ಓದಬೇಕು. ನೀರನ್ನು ಎಲ್ಲಿಗೆ ಬಿಡಲು, ದಿನಕ್ಕೆ ಎಷ್ಟು ಬಿಡಲು ಅನುಮತಿಯಿದೆಯೆಂಬುದು ಅದರಲ್ಲಿರುವುದು. ಬಣ್ಣದ ಮಾತನ್ನು ಬದಿಗಿಟ್ಟು ನಾಲ್ಕು ಅಂಕೆಗಳನ್ನು ಕೇಳಬೇಕು: ಕರಗಿದ ಒಟ್ಟು ಲವಣ ಎಷ್ಟು, ಸುಣ್ಣ ಮೆಗ್ನೀಷಿಯಂಗಳಿಗೆ ಹೋಲಿಸಿದರೆ ಸೋಡಿಯಮ್ಮಿನ ಪ್ರಮಾಣ ಎಷ್ಟು, ಉಳಿದ ಕಾರ್ಬೊನೇಟ್ ಎಷ್ಟು, ಸಿ.ಓ.ಡಿ. ಎಷ್ಟು. ಮೊದಲ ಮೂರು ನೆಲದ ಯೋಗಕ್ಷೇಮವನ್ನು ಹೇಳುವುವು. ನಾಲ್ಕನೆಯದು ನೀರಿನಲ್ಲಿ ಉಳಿದಿರುವ ಮುರಿಯದ ವಸ್ತುವಿನ ಅಳತೆ. ನೀರು ತಿಳಿಯಾಗಿದ್ದು ಈ ಅಂಕೆ ಹೆಚ್ಚಾಗಿದ್ದರೆ ಬಣ್ಣ ಹೋಗಿ ತುಂಡುಗಳು ಉಳಿದಿವೆಯೆಂದು ತಿಳಿಯತಕ್ಕದ್ದು.

ಮಾದರಿಯನ್ನು ಕಾರ್ಖಾನೆಯವರು ಕೊಟ್ಟ ಸೀಸೆಯಲ್ಲಿ ತೆಗೆದುಕೊಳ್ಳದೆ ಗ್ರಾಮದವರೇ ಹಿಡಿಯುವುದು ಉತ್ತಮ. ಒಂದು ಲೀಟರಿನ ಹೊಸ ಸೀಸೆಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಬಾಯಿತನಕ ತುಂಬಿ, ಬಿರಡೆ ಬಿಗಿದು, ಸ್ಥಳವನ್ನೂ ತಾರೀಖನ್ನೂ ವೇಳೆಯನ್ನೂ ಬರೆದು ಅಂಟಿಸಿ, ತಡಮಾಡದೆ ಸಮೀಪದ ಮಣ್ಣು ಮತ್ತು ನೀರು ಪರೀಕ್ಷಾಲಯಕ್ಕಾಗಲಿ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ತಲಪಿಸಬೇಕು. ಸಿ.ಓ.ಡಿ. ಪರೀಕ್ಷೆ ಅಲ್ಲಿ ನಡೆಯದಿದ್ದರೆ ಅದಕ್ಕಾಗಿ ಮಾಲಿನ್ಯ ನಿಯಂತ್ರಣ ಮಂಡಲಿಯ ಪ್ರಾದೇಶಿಕ ಕಚೇರಿಯವರನ್ನು ಕೇಳಬಹುದು. ಬಿಸಿಲಿನ ಮಧ್ಯಾಹ್ನ ಒಂದು, ಮೋಡ ಕವಿದ ದಿನ ಒಂದು, ಬೆಳಗಿನ ಜಾವ ಒಂದು ಹೀಗೆ ಮೂರು ಮಾದರಿಗಳಿರಲಿ. ಬಿಸಿಲಿನಿಂದ ನಡೆಯುವ ತೊಟ್ಟಿಯ ನಿಜವಾದ ಯೋಗ್ಯತೆ ಬೆಳಗಿನ ಜಾವದ ಸೀಸೆಯಲ್ಲಿ ಗೊತ್ತಾಗುವುದು. ಇದರ ಜೊತೆಗೆ, ನೀರು ಬಿಡುವುದಕ್ಕೆ ಮುಂಚೆಯೇ ಅಚ್ಚುಕಟ್ಟಿನ ತಲೆಯಲ್ಲಿ, ನಡುವೆ ಮತ್ತು ಕೊನೆಯಲ್ಲಿರುವ ಹೊಲಗಳ ಮಣ್ಣನ್ನೂ ಎರಡು ಬಾವಿಗಳ ನೀರನ್ನೂ ಪರೀಕ್ಷೆ ಮಾಡಿಸಿ, ಅದರ ವರದಿಯನ್ನು ಗ್ರಾಮ ಪಂಚಾಯಿತಿಯ ಕಡತದಲ್ಲಿ ಸೇರಿಸಿಡತಕ್ಕದ್ದು. ಮುಂದೆ ವ್ಯಾಜ್ಯವೇನಾದರೂ ಬಂದರೆ ಭೂಮಿಯು ಮೊದಲು ಹೇಗಿತ್ತೆಂಬುದಕ್ಕೆ ಆ ಕಾಗದವಲ್ಲದೆ ಬೇರೆ ಸಾಕ್ಷಿ ದೊರೆಯುವುದು ಕಷ್ಟ.